ಬೆಳಗ್ಗೆ ನಡುಗುವ ಡೀಸೆಲ್ ಪಿಕಪ್: ಮೊದಲು ಗ್ಲೋ ಪ್ಲಗ್ ನೋಡಿ

ನಿಮ್ಮ ಡೀಸೆಲ್ ಪಿಕಪ್ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಎರಡು ನಿಮಿಷ ನಡುಗಿ, ಬಿಳಿ ಹೊಗೆ ಬಿಟ್ಟು, ಬಿಸಿಯಾದ ಮೇಲೆ ಸರಿಹೋಗುತ್ತದೆ ಅಂದ್ರೆ ಒಂದೆರಡು ಗ್ಲೋ ಪ್ಲಗ್ (ತಣ್ಣಗಿನ ಎಂಜಿನ್ ಒಳಗೆ ಬಿಸಿ ಮಾಡಿ ಸ್ಟಾರ್ಟ್ ಆಗಲು ನೆರವಾಗುವ ಸಣ್ಣ ಹೀಟರ್) ಹೋಗಿರುವ ಸಾಧ್ಯತೆಯೇ ಜಾಸ್ತಿ. ಸುಮ್ನೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಬಿಚ್ಚಿಸಬೇಡಿ.

ಪ್ಲಗ್‌ಗಳ ವೈರ್ ತೆಗೆದು, ಮಲ್ಟಿಮೀಟರನ್ನು ಓಮ್‌ಗೆ ಇಟ್ಟು, ಒಂದು ಕಡ್ಡಿ ಪ್ಲಗ್ ತುದಿಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಹಿಡಿಯಿರಿ. ಸಾಮಾನ್ಯವಾಗಿ 1 ಓಮ್ ಆಸುಪಾಸು ಬರಬೇಕು. ಏನೂ ತೋರಿಸದಿದ್ದರೆ ಆ ಪ್ಲಗ್ ಸತ್ತಿದೆ. ಬಿಚ್ಚುವಾಗ ಎಂಜಿನ್ ಬೆಚ್ಚಗಿರಲಿ, ಅವಸರ ಬೇಡ. ಮಸಿ ಹಿಡಿದು ಕೂತಿರುತ್ತದೆ, ಜೋರು ಮಾಡಿದರೆ ತುಂಡಾಗಿ ಎಂಜಿನ್ನಿನ ಮೇಲ್ಭಾಗದ ಹೆಡ್‌ನಲ್ಲೇ ಉಳಿದುಬಿಡುತ್ತದೆ. ಆಮೇಲೆ ದೊಡ್ಡ ಕೆಲಸ.

ಪ್ಲಗ್ ಎಲ್ಲಾ ಸರಿಯಿದ್ದರೆ, ತಣ್ಣಗಿದ್ದಾಗ ಕೀ ಆನ್ ಮಾಡಿಸಿ ಪ್ಲಗ್‌ನಿಂದ ತೆಗೆದ ಆ ವೈರಿಗೆ ಕರೆಂಟ್ ಬರುತ್ತಿದೆಯಾ ನೋಡಿ. ಇಲ್ಲ ಅಂದ್ರೆ ಫ್ಯೂಸ್, ರಿಲೇ (ಪ್ಲಗ್‌ಗಳಿಗೆ ಕರೆಂಟ್ ಬಿಡುವ ಸ್ವಿಚ್) ಪರೀಕ್ಷಿಸಿ. ಅದೂ ಸರಿಯಿದ್ದರೆ ರಾತ್ರಿ ಡೀಸೆಲ್ ಲೈನಿಗೆ ಗಾಳಿ ಸೇರುತ್ತಿರಬಹುದು. ಫಿಲ್ಟರ್ ಹತ್ತಿರದ ಪೈಪ್ ಜಾಯಿಂಟ್ ಒದ್ದೆಯಾಗಿದೆಯಾ ಬೆರಳಿಟ್ಟು ನೋಡಿ.