ದೊಡ್ಡಪ್ಪನಿಂದಲೇ ಶುರು ಮಾಡಿ

ನಮಸ್ಕಾರ.

ಪತ್ರಕರ್ತ ರವಿ ಬೆಳಗೆರೆ ಅವರ ಪ್ರಭಾವದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಒಂದು ಪ್ಯಾರಾ ತಲೆಯಿಂದ ಹೋಗುತ್ತಿಲ್ಲ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟದಲ್ಲಿ ‘ಅಕ್ಷರ ಮಾಂತ್ರಿಕ’ ಐದು ಸಲ ಬರುತ್ತದೆ. ಮಾಡಿದ ಮೋಡಿ ಯಾವುದು ಅಂತ ಒಂದು ಸಲವೂ ತೋರಿಸಿಲ್ಲ. 1958ರಲ್ಲಿ ಬಳ್ಳಾರಿಯಲ್ಲಿ ಹುಟ್ಟಿದ್ದು, 1995ರಲ್ಲಿ ಅವರ ವಾರಪತ್ರಿಕೆ ‘ಹಾಯ್ ಬೆಂಗಳೂರ್!’ ಶುರುವಾದದ್ದು, 2020ರ ನವೆಂಬರ್‌ನಲ್ಲಿ ತೀರಿಕೊಂಡದ್ದು, ಇವೆಲ್ಲ ನಮ್ಮ ಓದುಗರಿಗೆ ಗೊತ್ತು. ಒಂದೇ ಸಾಲಲ್ಲಿ ಮುಗಿಸಿ.

ಐದನೇ ಪುಟದಲ್ಲಿ ನಿಮ್ಮ ದೊಡ್ಡಪ್ಪ ಬರುತ್ತಾರೆ. ಅಂಗಡಿ ಕಟ್ಟೆಯ ಮೇಲೆ ಕೂತು ಬೆಳಗೆರೆಯವರ ‘ಖಾಸ್‌ಬಾತ್’ ಅಂಕಣವನ್ನು ನಾಲ್ಕು ಜನಕ್ಕೆ ಜೋರಾಗಿ ಓದುತ್ತಿದ್ದರು. ಈಟಿವಿಯಲ್ಲಿ ಬೆಳಗೆರೆ ನಡೆಸಿದ ಅಪರಾಧ ಕಾರ್ಯಕ್ರಮ ‘ಕ್ರೈಂ ಡೈರಿ’ ಬಂದ ಮೇಲೆ ದೊಡ್ಡಪ್ಪ ಓದುವ ಧಾಟಿಯೇ ಬದಲಾಯಿತು. ಟೀವಿಯಲ್ಲಿ ಬೆಳಗೆರೆ ಮಾಡಿದ ಹಾಗೇ ನಡುವೆ ನಿಲ್ಲಿಸುವುದು, ದನಿ ತಗ್ಗಿಸುವುದು ಶುರುವಾಯಿತು. ಇಷ್ಟು ಹೇಳಿ ನೀವು ಮುಂದಕ್ಕೆ ಓಡಿಬಿಟ್ಟಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು! ನಿಮ್ಮ ಲೇಖನ ಇರುವುದೇ ಅಲ್ಲಿ.

ಬೆಳಗೆರೆ ಬರೆಯುತ್ತಿದ್ದದ್ದೇ ಮಾತಾಡಿದ ಹಾಗೆ. ಚಿಕ್ಕ ವಾಕ್ಯ, ಎದುರಿಗೆ ಕೂತವರನ್ನು ಕೇಳಿದಂಥ ಪ್ರಶ್ನೆ. ಹಾಗಾಗಿ ಕ್ಯಾಮೆರಾ ಮುಂದೆ ಬೇರೆ ಭಾಷೆ ಹುಡುಕಬೇಕಾಗಲಿಲ್ಲ. ಆಮೇಲೆ ಟೀವಿಯಿಂದ ಅಂಕಣಕ್ಕೂ ಒಂದು ಬಂತು: ದನಿ. ಪತ್ರಿಕೆ ಬಿಡಿಸಿದರೆ ಆ ಗಡಸು ದನಿ ಕಿವಿಯಲ್ಲಿ ಕೇಳಿಸುತ್ತಿತ್ತು. ನನಗೂ ಹಾಗೇ ಆಗಿದೆ. ಬರೀ ಟೀವಿ ನೋಡಿದವರೂ ದೊಡ್ಡಪ್ಪನ ಕಟ್ಟೆಗೆ ಬಂದು ಕೂರತೊಡಗಿದರಾ? ಅವರನ್ನೇ ಕೇಳಿ ಬರೆಯಿರಿ.

ಪ್ರಭಾವದ ಲೆಕ್ಕದಲ್ಲಿ ಬೆಳಗೆರೆಯವರಿಗೆ ಹೆದರಿದವರೂ, ಅವರ ಬರಹದಿಂದ ನೊಂದವರೂ ಬರುತ್ತಾರೆ, ಅಲ್ವಾ? 2017ರಲ್ಲಿ ಶಾಸಕರ ಬಗ್ಗೆ ಬಂದ ಬರಹವನ್ನು ಹಕ್ಕುಚ್ಯುತಿ, ಅಂದರೆ ಸದನದ ಮತ್ತು ಶಾಸಕರ ವಿಶೇಷ ಹಕ್ಕಿಗೆ ಧಕ್ಕೆ, ಎಂದು ತೀರ್ಮಾನಿಸಿ, ನಮ್ಮ ವಿಧಾನಸಭೆ ಅವರಿಗೆ ಒಂದು ವರ್ಷ ಜೈಲು, 10 ಸಾವಿರ ರೂಪಾಯಿ ದಂಡ ವಿಧಿಸಿತು. ಸದನವೇ ಹೀಗೆ ತಿರುಗಿ ಬಿದ್ದದ್ದು ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ. ಅವರೆಂದರೆ ನಿಮಗೆ ತುಂಬಾ ಇಷ್ಟ, ಗೊತ್ತಾಗುತ್ತದೆ. ಆ ಇಷ್ಟ ಇಟ್ಟುಕೊಂಡೇ ಇದನ್ನೂ ಬರೆಯಿರಿ.

ಕಡೆಯ ಪುಟದಲ್ಲಿ ಬೆಳಗೆರೆಯವರ ಹಾಗೇ ಬರೆಯಲು ಹೋಗಿದ್ದೀರಿ. ಅದನ್ನು ಪೂರ್ತಿ ತೆಗೆಯಿರಿ. ದೊಡ್ಡಪ್ಪನ ಪ್ಯಾರಾದಲ್ಲಿ ನಿಮ್ಮ ಊರಿನ ಮಾತು ಎಷ್ಟು ಚೆನ್ನಾಗಿ ಬಂದಿದೆ ನೋಡಿ.

800 ಪದ ಸಾಕು. ದೊಡ್ಡಪ್ಪ ಹಳೇ ಸಂಚಿಕೆಗಳನ್ನು ಅಟ್ಟದ ಮೇಲೆ ಇಟ್ಟಿದ್ದಾರೆ ಅಂತ ಬರೆದಿದ್ದೀರಿ. ಒಂದನ್ನು ಇಳಿಸಿ, ಅವರ ಕೈಗೆ ಕೊಟ್ಟು ಓದಿಸಿ. ಎಲ್ಲೆಲ್ಲಿ ನಿಲ್ಲಿಸುತ್ತಾರೆ ಅಂತ ಪಕ್ಕದಲ್ಲಿ ಕೂತು ಗುರುತು ಹಾಕಿಕೊಳ್ಳಿ.