ಏಳು ಬಾಟಲಿ, ಒಂದು ಹಂಡೆ ಬಿಸಿನೀರು

ಪ್ರಶ್ನೆ: ಅಕ್ಕಾ, ನನಗೆ 47 ವರ್ಷ. ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮ ಕಾಫಿ ತೋಟ. ತೋಟ, ಅತ್ತೆಯ ಕಾಯಿಲೆ, ಮಕ್ಕಳ ಓದು ಅಂತ ಇಪ್ಪತ್ತೈದು ವರ್ಷ ಹೋದದ್ದೇ ಗೊತ್ತಾಗಲಿಲ್ಲ. ಮುಖಕ್ಕೂ ಮೈಗೂ ಒಂದೇ ಸೋಪು, ಅಷ್ಟೇ ನನ್ನ ಆರೈಕೆ. ಈಗ ಎರಡೂ ಕೆನ್ನೆಯ ಮೇಲೆ ಬಂಗು. ಹಿಮ್ಮಡಿ ಎಷ್ಟು ಒಡೆದಿದೆ ಎಂದರೆ ಸೀರೆಯ ಅಂಚು ಸಿಕ್ಕಿಕೊಳ್ಳುತ್ತದೆ. ಮೊನ್ನೆ ಮಗಳು ಬೆಂಗಳೂರಿನಿಂದ ಏಳು ಬಾಟಲಿ ತಂದು ಕನ್ನಡಿ ಮುಂದೆ ಸಾಲಾಗಿ ಇಟ್ಟು ಹೋದಳು. ಯಾವುದು ಮೊದಲು, ಯಾವುದು ಆಮೇಲೆ ಅಂತ ಮರೆತುಹೋಗಿದೆ. ಮತ್ತೆ ಕೇಳಿದರೆ ನಗುತ್ತಾಳೆ. ಪಕ್ಕದ ಮನೆಯವರು ಮೆಡಿಕಲ್‌ನಿಂದ ಒಂದು ಟ್ಯೂಬ್ ತಂದುಕೊಟ್ಟಿದ್ದಾರೆ, ಹದಿನೈದೇ ದಿನಕ್ಕೆ ಮುಖ ಬೆಳ್ಳಗಾಗುತ್ತದಂತೆ. ಹಚ್ಚಲಾ? ಈ ವಯಸ್ಸಿನಲ್ಲಿ ಶುರು ಮಾಡಿ ಏನಾದರೂ ಪ್ರಯೋಜನ ಉಂಟಾ?

ಉತ್ತರ: ತಂಗೀ, ಮೊದಲು ಆ ಟ್ಯೂಬನ್ನು ಪಕ್ಕಕ್ಕಿಡಿ. ಬಾಟಲಿಗಳ ವಿಷಯ ಆಮೇಲೆ.

ಹದಿನೈದು ದಿನಕ್ಕೆ ಬೆಳ್ಳಗೆ ಮಾಡುವ ಟ್ಯೂಬಿನಲ್ಲಿ ಹೆಚ್ಚಾಗಿ ಇರುವುದು ಸ್ಟೀರಾಯ್ಡ್. ಡಬ್ಬದ ಹಿಂದೆ ಸಣ್ಣ ಅಕ್ಷರದಲ್ಲಿ ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೊಬೆಟಾಸಾಲ್ ಅಂತ ಇದೆಯಾ ನೋಡಿ. ಮೊದಲು ಮುಖ ತಿಳಿಯಾಗಿ ಕಾಣುತ್ತದೆ, ನಿಜ. ಹಚ್ಚುತ್ತಾ ಹೋದಂತೆ ಚರ್ಮ ತೆಳ್ಳಗಾಗುತ್ತದೆ, ಕೆಂಪು ನರ ಕಾಣುತ್ತದೆ, ಮೊಡವೆ ಏಳುತ್ತದೆ, ಮುಖದಲ್ಲಿ ಕೂದಲು ಬರುತ್ತದೆ. ಬಿಟ್ಟರೆ ಉರಿ, ಹಚ್ಚಿದರೆ ಆರಾಮ. ಹೀಗೆ ಸಿಕ್ಕಿಬಿದ್ದವರನ್ನು ನರ್ಸ್ ಕೆಲಸದಲ್ಲಿ ಎಷ್ಟು ನೋಡಿದ್ದೇನೋ. ಡಾಕ್ಟರ ಚೀಟಿ ಇಲ್ಲದೆ ಇವನ್ನು ಮಾರಬಾರದು ಅಂತ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿದೆ. ಆದರೂ ಕೈಗೆ ಸಿಗುತ್ತದೆ. ನೀವು ಈಗಾಗಲೇ ತಿಂಗಳುಗಟ್ಟಲೆ ಹಚ್ಚಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ, ಚರ್ಮದ ಡಾಕ್ಟರಿಗೆ ತೋರಿಸಿ. ಹಚ್ಚಿಲ್ಲವಾದರೆ ಕಷ್ಟವೇ ಇಲ್ಲ, ಪಕ್ಕದ ಮನೆಗೆ ವಾಪಸ್ ಕೊಡಬೇಡಿ, ಎಸೆಯಿರಿ.

ನಾನು ಬುದ್ಧಿವಂತೆ ಅಂದುಕೊಳ್ಳಬೇಡಿ. ಆಸ್ಪತ್ರೆಯಲ್ಲಿ ದಿನಕ್ಕೆ ಐವತ್ತು ಸಲ ಕೈ ತೊಳೆದು, ಮನೆಗೆ ಬಂದು ಒಂದು ಹನಿ ಎಣ್ಣೆ ಮುಟ್ಟದವಳು ನಾನು. ನಿವೃತ್ತಿಯಾದ ಮೇಲೆ ಒಂದು ಜನವರಿಯಲ್ಲಿ ಚಂದ ಆಗುವ ಹುಮ್ಮಸ್ಸು ಬಂತು. ನಿಂಬೆರಸಕ್ಕೆ ಜೇನು ಕಲಸಿ ಕೆನ್ನೆ, ಕತ್ತಿಗೆಲ್ಲ ಸವರಿಕೊಂಡು, ಅರ್ಧಂಬರ್ಧ ತೊಳೆದು, ಕಾಫಿ ಹರಡಿದ ಕಣಕ್ಕೆ ಹೋಗಿ ಬಿಸಿಲಲ್ಲಿ ನಿಂತೆ. ಎರಡು ದಿನಕ್ಕೆ ಕತ್ತಿನ ಮೇಲೆ ರಸ ಇಳಿದ ದಾರಿಯಲ್ಲೇ ಬೊಬ್ಬೆ ಎದ್ದಿತು, ಗೆರೆ ಎಳೆದ ಹಾಗೆ. ನಿಂಬೆರಸಕ್ಕೆ ಬಿಸಿಲು ಬಿದ್ದರೆ ಚರ್ಮ ಸುಡುತ್ತದೆ. ಅಷ್ಟು ವರ್ಷ ಆಸ್ಪತ್ರೆಯಲ್ಲಿ ಇದ್ದವಳಿಗೆ ಇದು ಗೊತ್ತಿರಲಿಲ್ಲ, ನಾಚಿಕೆ! ಆ ಕಂದು ಗೆರೆ ಮಳೆಗಾಲ ಮುಗಿಯುವವರೆಗೂ ಹೋಗಲಿಲ್ಲ. ಹಾಗಾಗಿ ನಿಂಬೆ, ಟೂತ್‌ಪೇಸ್ಟ್, ಅಡುಗೆ ಸೋಡಾ, ನಮ್ಮ ಕೊಡಗಿನ ಕಪ್ಪು ಹುಳಿ ಕಾಚಂಪುಳಿ ಯಾವುದೂ ಮುಖಕ್ಕೆ ಬೇಡ. ಕಾಚಂಪುಳಿ ಪಂದಿಕರಿಗೆ, ಅಂದರೆ ಹಂದಿ ಸಾರಿಗೆ, ಇರಲಿ.

ಇನ್ನು ಸ್ನಾನ. ನಿಮ್ಮ ಮನೆಯಲ್ಲೂ ಕಾಫಿ ಕಟ್ಟಿಗೆ ಹಾಕಿ ಹಂಡೆ ಕಾಯಿಸುತ್ತೀರಿ ಅಲ್ವಾ? ಚಳಿಗೆ ಹೊಗೆಯಾಡುವ ನೀರು ಮೈಮೇಲೆ ಸುರಿದುಕೊಂಡು, ಸೋಪು ಹಾಕಿ ಗಸಗಸ ಉಜ್ಜಿದರೇ ನಮಗೆ ಸ್ನಾನ ಆದ ಹಾಗೆ. ಚರ್ಮ ಒಣಗುವುದು ಅಲ್ಲೇ. ಸುಡುನೀರು ಮೈಯ ಎಣ್ಣೆಯನ್ನು ತೊಳೆದುಬಿಡುತ್ತದೆ. ಸೋಪು ಕ್ಷಾರ, ಚರ್ಮ ಸ್ವಲ್ಪ ಹುಳಿ ಗುಣದ್ದು, ಎರಡಕ್ಕೂ ಆಗಿಬರುವುದಿಲ್ಲ. ನೀರು ಉಗುರುಬೆಚ್ಚಗಿರಲಿ. ಸೋಪು ಕಂಕುಳು, ತೊಡೆಸಂದಿ, ಪಾದಕ್ಕೆ ಸಾಕು. ಮೈ ಪೂರ್ತಿ ಒಣಗುವ ಮೊದಲೇ, ಬಚ್ಚಲಲ್ಲಿ ನಿಂತೇ, ಕೈಕಾಲಿಗೆ ತೆಂಗಿನೆಣ್ಣೆಯೋ ಮಾಯಿಶ್ಚರೈಸರೋ ಸವರಿ. ಒಣಗಿದ ಮೇಲೆ ಹಚ್ಚಿದರೆ ಅರ್ಧ ಕೆಲಸವೇ. ಒದ್ದೆ ಮೈಯ ನೀರನ್ನು ಒಳಗೇ ಹಿಡಿದಿಡುವುದು ಅದರ ಕೆಲಸ.

ಈಗ ಏಳು ಬಾಟಲಿ. ಮೂರನ್ನು ಮಾತ್ರ ಮುಂದೆ ಇಟ್ಟುಕೊಳ್ಳಿ: ಮುಖ ತೊಳೆಯುವುದು, ಮಾಯಿಶ್ಚರೈಸರ್, ಸನ್‌ಸ್ಕ್ರೀನ್. ಟೋನರ್, ವಿಟಮಿನ್ ಸಿ ಎಲ್ಲ ಮಗಳಿಗೆ ವಾಪಸ್ ಹೋಗಲಿ. ರೆಟಿನಾಲ್ (ಚರ್ಮಕ್ಕೆ ಹಚ್ಚುವ ವಿಟಮಿನ್ ಎ ಬಗೆಯದು) ಇದ್ದರೆ ಕಪಾಟಿನಲ್ಲಿಡಿ. ಎರಡು ಮೂರು ತಿಂಗಳಾದ ಮೇಲೆ, ರಾತ್ರಿ ಹೊತ್ತು, ಬಟಾಣಿ ಕಾಳಿನಷ್ಟು, ವಾರಕ್ಕೆ ಎರಡು ಸಲ ನೋಡಬಹುದು. ಬಸುರಿಯರು ಅದನ್ನು ಮುಟ್ಟಬಾರದು, ಮನೆಯಲ್ಲಿ ಯಾರಾದರೂ ಇದ್ದರೆ ಹೇಳಿಬಿಡಿ. ಒಂದೇ ದಿನ ಎಲ್ಲ ಶುರು ಮಾಡಿದರೆ ಮುಖ ಉರಿದಾಗ ಕಳ್ಳ ಯಾರು ಅಂತ ಗೊತ್ತಾಗುವುದಿಲ್ಲ.

ಬಂಗಿಗೆ ನಿಜವಾದ ಮದ್ದು ಸನ್‌ಸ್ಕ್ರೀನ್. ‘ನಮ್ಮಲ್ಲಿ ಬಿಸಿಲೆಲ್ಲಿ ಅಕ್ಕಾ, ಆರು ತಿಂಗಳು ಮೋಡ’ ಅನ್ನುತ್ತೀರಿ. ಚರ್ಮ ಕಪ್ಪು ಮಾಡುವ ಕಿರಣಕ್ಕೆ ಮೋಡ ದೊಡ್ಡ ಅಡ್ಡಿ ಅಲ್ಲ, ಕಿಟಕಿಯ ಗಾಜನ್ನೂ ಅದು ದಾಟುತ್ತದೆ. ಮೇಲಿಂದ ನಮ್ಮದು ಎತ್ತರದ ಊರು. 1,000 ಮೀಟರ್ ಏರಿದರೆ ಅತಿನೇರಳೆ ಕಿರಣ ಸುಮಾರು 10 ಶೇಕಡಾ ಜಾಸ್ತಿ, ಮಡಿಕೇರಿ ಅದಕ್ಕಿಂತಲೂ ಮೇಲಿದೆ. ತೋಟಕ್ಕೆ ಹೋಗುವಾಗ ತಲೆಗೆ ವಸ್ತ್ರ ಕಟ್ಟುತ್ತೀರಿ, ಹಣೆ ಉಳಿಯುತ್ತದೆ, ಕೆನ್ನೆ ಬಯಲು. ನಿಮ್ಮ ಬಂಗು ಎಲ್ಲಿದೆ ನೋಡಿಕೊಳ್ಳಿ! ಎಸ್‌ಪಿಎಫ್ (ಬಿಸಿಲು ತಡೆಯುವ ಶಕ್ತಿಯ ಅಂಕಿ, ಬಾಟಲಿಯ ಮೇಲೆ ಇರುತ್ತದೆ) 30 ಅಥವಾ ಜಾಸ್ತಿ ಇರುವುದನ್ನು ತೋರುಬೆರಳು, ನಡುಬೆರಳಿನ ಉದ್ದಕ್ಕೆ ಎರಡು ಗೆರೆ ಹಿಂಡಿ ಮುಖ, ಕತ್ತಿಗೆ ಹಚ್ಚಿ. ಬಣ್ಣ ಬೆರೆತದ್ದು ಸಿಕ್ಕರೆ ಬಂಗಿಗೆ ಇನ್ನೂ ಒಳ್ಳೆಯದು. ಹೊರಗೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಕುಯ್ಲಿನ ಸಮಯದಲ್ಲಿ ಅದು ಆಗದ ಮಾತು, ನನಗೂ ಗೊತ್ತು. ಆಗ ಅಗಲ ಅಂಚಿನ ಟೊಪ್ಪಿ ಹಾಕಿಕೊಳ್ಳಿ, ಕೆಲಸದವರು ನಕ್ಕರೆ ನಗಲಿ.

ಹಿಮ್ಮಡಿಯನ್ನು ಕಲ್ಲಿಗೆ ಹಾಕಿ ರಕ್ತ ಬರುವ ಹಾಗೆ ತಿಕ್ಕಬೇಡಿ. ರಾತ್ರಿ ಹತ್ತು ನಿಮಿಷ ಬೆಚ್ಚಗಿನ ನೀರಲ್ಲಿ ಕಾಲು ಇಡಿ, ಒರೆಸಿ. ಯೂರಿಯಾ ಇರುವ ಕ್ರೀಮ್ ಹಚ್ಚಿ, ಮೇಲೆ ವ್ಯಾಸಲಿನ್, ಅದರ ಮೇಲೆ ಹಳೇ ಕಾಲುಚೀಲ. ಹೌದು, ಯೂರಿಯಾ. ಗೊಬ್ಬರದ ಚೀಲದ್ದಲ್ಲ ಮತ್ತೆ, ಮೆಡಿಕಲ್‌ನಲ್ಲಿ ಸಿಗುವುದು. ಎರಡು ವಾರದಲ್ಲಿ ಸೀರೆ ಸಿಕ್ಕಿಕೊಳ್ಳುವುದು ನಿಲ್ಲಬೇಕು.

ಮುಖಕ್ಕೆ ಮಾತ್ರ ಅವಸರ ನಡೆಯುವುದಿಲ್ಲ. ಮೇಲ್ಚರ್ಮ ಹೊಸದಾಗಲು ಹೆಚ್ಚುಕಡಿಮೆ ಒಂದು ತಿಂಗಳು ಬೇಕು, ನಮ್ಮ ವಯಸ್ಸಿಗೆ ಇನ್ನೂ ನಿಧಾನ. ಈಗ ಶುರು ಮಾಡಿದರೆ ಮೂರು ತಿಂಗಳಾದ ಮೇಲೆ ಕನ್ನಡಿ ಕೇಳಿ. ಬಂಗು ಪೂರ್ತಿ ಹೋಗುತ್ತದೆ ಅಂತ ನಾನು ಮಾತು ಕೊಡುವುದಿಲ್ಲ. ತಿಳಿಯಾಗುತ್ತದೆ, ಬಿಸಿಲಿಗೆ ಸಸಾರ ಮಾಡಿದರೆ ವಾಪಸ್ ಬರುತ್ತದೆ. ಕೊಡಗಿನ ಕಕ್ಕಡ ತಿಂಗಳ ಹದಿನೆಂಟನೇ ದಿನ ಮದ್ದು ಸೊಪ್ಪು ಹಾಕಿ ಮಾಡುವ ಪಾಯಸ ಕುಡಿದರೆ ರಕ್ತ ಶುದ್ಧವಾಗಿ ಬಂಗು ಹೋಗುತ್ತದಾ ಅಂತ ಕೆಲವರು ಕೇಳುತ್ತಾರೆ. ಪಾಯಸ ನಾನೂ ತಪ್ಪಿಸುವುದಿಲ್ಲ, ರುಚಿಗೆ. ಬಂಗಿನ ಲೆಕ್ಕಕ್ಕೆ ಸೇರಿಸಬೇಡಿ.

ಪ್ರಶ್ನೆ: ನನಗೆ 22, ಕುಶಾಲನಗರ. ಮುಖದ ತುಂಬಾ ಮೊಡವೆ. ಅಜ್ಜಿ ದಿನಾ ರಾತ್ರಿ ತೆಂಗಿನೆಣ್ಣೆ ಹಚ್ಚು ಅನ್ನುತ್ತಾರೆ. ಹಚ್ಚಬಹುದಾ?

ಉತ್ತರ: ಅಜ್ಜಿಯ ಎಣ್ಣೆ ಕೈಕಾಲಿಗೆ, ತಲೆಗೆ. ಮೊಡವೆ ಇರುವ ಮುಖಕ್ಕೆ ಬೇಡಪ್ಪಾ, ರಂಧ್ರ ಕಟ್ಟಿಕೊಳ್ಳುತ್ತದೆ. ತಲೆಗೆ ಹಚ್ಚಿದ ಎಣ್ಣೆ ಹಣೆಗೆ ಇಳಿದರೂ ಅದೇ ಕಥೆ. ದಿಂಬಿನ ಬಟ್ಟೆ ವಾರಕ್ಕೊಮ್ಮೆ ಬದಲಿಸು. ಚಿವುಟಬೇಡ, ಗುಂಡಿ ಬಿದ್ದರೆ ತುಂಬುವುದು ಕಷ್ಟ. ನೋಯುವ ದೊಡ್ಡ ಗಂಟುಗಳಿದ್ದರೆ ಡಾಕ್ಟರಿಗೆ ತೋರಿಸು.

ಪ್ರಶ್ನೆ: ಮಳೆಗಾಲದಲ್ಲಿ ಗಂಬೂಟ್ ಹಾಕಿ ಹಾಕಿ ನಮ್ಮ ಯಜಮಾನರ ಕಾಲ್ಬೆರಳ ಸಂದಿ ಬೆಳ್ಳಗೆ ಕೊಳೆತ ಹಾಗೆ ಆಗುತ್ತದೆ, ವಿಪರೀತ ಕಡಿತ. ಪ್ರತಿ ವರ್ಷ ಇದೇ ಗೋಳು. ಅವರಿಗೆ ಸಕ್ಕರೆ ಕಾಯಿಲೆಯೂ ಉಂಟು.

ಉತ್ತರ: ಕೆಸರುಹುಣ್ಣು. ಒದ್ದೆ ಬೂಟಿನೊಳಗೆ ಬೆಳೆಯುವ ಶಿಲೀಂಧ್ರದ್ದು ಈ ಕೆಲಸ. ಎರಡು ಜೊತೆ ಗಂಬೂಟ್ ಇಟ್ಟು ಒಂದನ್ನು ಒಲೆಯ ಹತ್ತಿರ ತಲೆಕೆಳಗೆ ಮಾಡಿ ಒಣಗಿಸಿ, ಸುಟ್ಟುಹೋಗುವಷ್ಟು ಹತ್ತಿರ ಬೇಡ. ಮನೆಗೆ ಬಂದ ತಕ್ಷಣ ಕಾಲು ತೊಳೆದು ಸಂದಿ ಸಂದಿಗೂ ಬಟ್ಟೆ ಹಾಕಿ ಒರೆಸಬೇಕು. ಕ್ಲೋಟ್ರಿಮಜೋಲ್ ಮುಲಾಮು ಬೆಳಿಗ್ಗೆ, ರಾತ್ರಿ. ಕಡಿತ ನಿಂತಿತು ಅಂತ ಬಿಟ್ಟರೆ ಮತ್ತೆ ಬರುತ್ತದೆ, ವಾಸಿಯಾದ ಮೇಲೂ ಎರಡು ವಾರ ಹಚ್ಚಲಿ. ಸಕ್ಕರೆ ಕಾಯಿಲೆ ಇರುವುದರಿಂದ ಅವರಿಗೆ ನೋವು ಗೊತ್ತಾಗದೆಯೂ ಇರಬಹುದು. ದಿನಾ ರಾತ್ರಿ ಟಾರ್ಚ್ ಹಿಡಿದು ಪಾದದ ಅಡಿಯನ್ನು ನೀವೇ ನೋಡಿ. ಸಣ್ಣ ಗಾಯ, ಊತ, ಕೀವು ಕಂಡರೆ ಮರುದಿನ ಬೆಳಿಗ್ಗೆಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ತೋಟದ ಕೆಲಸ ಅಂತ ಅವರು ಎಷ್ಟೇ ಗೊಣಗಲಿ.