ಹುಳಕ್ಕೆ ಜ್ವರ ಬಂದಿದೆ ಮಿಸ್!

ಪ್ರಶ್ನೆ: ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ ಶಾಲೆಯಲ್ಲಿ ಏಳನೇ ತರಗತಿಗೆ ವಿಜ್ಞಾನ ಹೇಳುತ್ತೇನೆ. ಮಕ್ಕಳ ಮನೆಮಾತು ಕನ್ನಡ, ತೆಲುಗು, ಉರ್ದು. ರೇಷ್ಮೆಹುಳ ಪೊರೆ ಕಳಚುತ್ತದೆ ಎಂದೆ. ಒಬ್ಬ ಹುಡುಗ, ‘ಇಲ್ಲ ಮಿಸ್, ಅದಕ್ಕೆ ಜ್ವರ ಬರುತ್ತೆ’ ಎಂದ. ತಪ್ಪು ಅಂತ ಕೂರಿಸಿದೆ. ಆಮೇಲೆ ಯಾರೂ ಬಾಯಿ ಬಿಡಲಿಲ್ಲ. ಏನು ಮಾಡಬೇಕಿತ್ತು?

ಉತ್ತರ: ಹುಳ ಪೊರೆ ಬಿಡಲು ಕೂರುವುದಕ್ಕೇ ಸಾಕುವವರು ‘ಜ್ವರ’ ಅನ್ನೋದು. ನಾಳೆ ಆ ಹುಡುಗನನ್ನೇ ಮಾತಾಡಿಸಿ ಮೇಡಂ. ಜ್ವರ ಬಂದಾಗ ಹುಳ ಏನು ಮಾಡುತ್ತೆ ಅಂತ ಕೇಳಿ. ಸೊಪ್ಪು ಮುಟ್ಟಲ್ಲ, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತೆ, ಹೆಚ್ಚುಕಮ್ಮಿ ಒಂದು ದಿನಕ್ಕೆ ಏಳುತ್ತೆ ಅನ್ನುತ್ತಾನೆ. ಎಷ್ಟು ಜ್ವರ? ನಾಲ್ಕು. ನಾಲ್ಕನೆಯದು ಎದ್ದ ಮೇಲೆ ಹುಳ ಸೊಪ್ಪು ಮುಕ್ಕುತ್ತೆ, ಆಮೇಲೆ ಹಣ್ಣಾಗುತ್ತೆ, ಅಂದರೆ ಗೂಡು ಕಟ್ಟಲು ತಯಾರಾಗುತ್ತೆ, ಆಗ ಗೂಡು ಕಟ್ಟುವ ತಟ್ಟೆಗೆ, ಅಂದರೆ ಚಂದ್ರಿಕೆಗೆ ಬಿಡಬೇಕು. ನಾಲ್ಕು ಸಲ ಪೊರೆ, ಐದು ಹಂತ ಅನ್ನೋದು ಇದೇ ಅಲ್ವಾ?

ಹಾಗಂತ ಅಲ್ಲಿಗೇ ಬಿಡಬೇಡಿ. ಇದು ನಿಜವಾಗಿ ಕಾಯಿಲೆನಾ ಅಂತ ಕೇಳಿ. ಜ್ವರ ಎದ್ದ ಹುಳುಗಳ ತಟ್ಟೆಯಿಂದ ಸುಕ್ಕುಗಟ್ಟಿದ ಪೊರೆಯನ್ನೂ ಪುಟ್ಟ ತಲೆಚಿಪ್ಪನ್ನೂ ಬೆಂಕಿಪೊಟ್ಟಣದಲ್ಲಿ ತರಲಿ. ಲೆನ್ಸ್ ಕೊಟ್ಟು ಸುಮ್ನೆ ಕೂತುಬಿಡಿ. ಹುಳ ಬೆಳೆದಷ್ಟೂ ಚರ್ಮ ಹಿಗ್ಗಲ್ಲ, ಅದಕ್ಕೇ ಬಿಚ್ಚಿ ಬಿಸಾಕುತ್ತೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಜ್ವರಕ್ಕೆ ಕೂತಾಗ ಅಪ್ಪ ಸುಣ್ಣದ ಪುಡಿ ಯಾಕೆ ಹಾಕುತ್ತಾರೆ? ಅದು ತೇವ ಹೀರುತ್ತೆ, ಉಳಿದ ಸೊಪ್ಪು ಒಣಗುತ್ತೆ. ಮೊದಲು ಎದ್ದ ಹುಳ ತಿಂದು ಮುಂದೆ ಹೋಗಲ್ಲ, ಎಲ್ಲವೂ ಒಟ್ಟಿಗೆ ಬೆಳೆಯುತ್ತವೆ. ಒಂದು ಪೀರಿಯಡ್ ಇದಕ್ಕೇ ಹೋದರೂ ನಷ್ಟ ಇಲ್ಲ.

ಒಂದು ಎಚ್ಚರಿಕೆ. ತಂದದ್ದು ಯಾರ ಮನೆಗೂ ವಾಪಸ್ ಹೋಗಬಾರದು, ಸೋಪು ಹಚ್ಚಿ ಕೈ ತೊಳೆಯಲಿ. ಹುಳುಗಳಿಗೆ ಬರುವ ಹಾಲುತೊಂಡೆ ಅನ್ನೋ ಅಂಟುರೋಗ ಒಂದು ಮನೆಯಿಂದ ಇನ್ನೊಂದಕ್ಕೆ ಹರಡಿದರೆ ಬೈಗುಳ ನಿಮಗೇ!

ಹುಳ ಸಾಕುವ ಮನೆಯ ಮಕ್ಕಳೇ ಮಾತಾಡುತ್ತಾ ಇದ್ದರೆ ಗೂಡಿನಿಂದ ನೂಲು ತೆಗೆಯುವ ರೀಲರ್ ಮನೆಯ ಮಕ್ಕಳು ಮೂಲೆ ಸೇರುತ್ತಾರೆ. ಅವರಿಗೆ ಜ್ವರ ಗೊತ್ತಿರಲಿಕ್ಕಿಲ್ಲ. ಗೂಡನ್ನು ಬಿಸಿನೀರಿಗೆ ಹಾಕದೆ ಎಳೆ ಬಿಚ್ಚಲ್ಲ ಅನ್ನೋದು ಚೆನ್ನಾಗಿ ಗೊತ್ತು. ಯಾಕೆ ಅಂತ ಅವರನ್ನೇ ಕೇಳಿ. ಎಳೆಗೆ ಮೆತ್ತಿರುವ ಸೆರಿಸಿನ್ ಅನ್ನೋ ಅಂಟು ಬಿಸಿಗೆ ಮೆತ್ತಗಾಗುತ್ತೆ, ಇದನ್ನು ಆಮೇಲೆ ನೀವು ಸೇರಿಸಿ. ತೆಲುಗಲ್ಲೋ ಉರ್ದುವಲ್ಲೋ ಮೊದಲು ತಮ್ಮತಮ್ಮಲ್ಲೇ ಮಾತಾಡಿಕೊಳ್ಳಲಿ, ಕನ್ನಡದಲ್ಲಿ ಬರೆಯೋದು ಆಮೇಲೆ. ಹುಳ ಸಾಕೋದು, ನೂಲು ತೆಗೆಯೋದು ಎರಡೂ ಇಲ್ಲದ ಮನೆಯ ಮಕ್ಕಳಿಗೆ ಪ್ರಶ್ನೆ ಕೇಳುವ ಕೆಲಸ ಕೊಡಿ. ಅವರ ಪ್ರಶ್ನೆಗಳೇ ಜಾಸ್ತಿ ಚುರುಕಾಗಿರುತ್ತವೆ.

ಬೋರ್ಡಿನ ಮೇಲೆ ‘ಜ್ವರ’, ‘ಪೊರೆ ಕಳಚುವಿಕೆ’ ಎರಡನ್ನೂ ಅಕ್ಕಪಕ್ಕ ಬರೆಯಿರಿ. ಪರೀಕ್ಷೆಗೆ ಬೇಕಾದ್ದು ಎರಡನೆಯದು, ಅದನ್ನೂ ಮಕ್ಕಳಿಗೆ ನೇರವಾಗಿ ಹೇಳಿಬಿಡಿ.